ಅಪ್‌ಡೇಟ್: ತೊಡೆದೇವು ಕೊನೆಗೂ ಎದ್ದಿತು

ತೊಡೆದೇವು ಅಂದರೆ ಬೋರಲು ಹಾಕಿದ ಮಡಕೆಯ ಮೇಲೆ ಹಿಟ್ಟು ಬಳಿದು ಮಾಡುವ, ಕಾಗದದಂತೆ ತೆಳ್ಳಗಿನ ಮಲೆನಾಡಿನ ಸಿಹಿತಿಂಡಿ. ಸಾಗರದ ಅಜ್ಜನ ಮನೆಯಲ್ಲಿ ಆಲೆಮನೆ (ಕಬ್ಬು ಅರೆದು ಬೆಲ್ಲ ಕಾಯಿಸುವ) ಸಮಯಕ್ಕೆ ಮಾಡುತ್ತಿದ್ದ ಇದಕ್ಕೆ ನಾನು ಕೈ ಹಾಕಿದರೆ ಹಿಟ್ಟು ಮಡಕೆ ಬಿಟ್ಟು ಏಳುತ್ತಿಲ್ಲ, ಏನು ಮಾಡಲಿ ಎಂದು ಹಿಂದೆ ಇಲ್ಲಿ ಕೇಳಿದ್ದೆ. ಈಗ ಏಳುತ್ತಿದೆ! ಹೊಸ ಮಡಕೆಯನ್ನು ಬೋರಲು ಹಾಕಿ, ಎಣ್ಣೆ ಸವರಿ, ಸಣ್ಣ ಉರಿಯಲ್ಲಿ ಮತ್ತೆ ಮತ್ತೆ ಕಾಯಿಸಿ ಪಳಗಿಸಿ ಎಂದವರ ಮಾತೇ ಸರಿ. ನೆನೆದ ಅಕ್ಕಿಯನ್ನು ಕಬ್ಬಿನ ಹಾಲಿನಲ್ಲೇ ನುಣ್ಣಗೆ ರುಬ್ಬಿ ತೆಳ್ಳಗೆ ಮಾಡಿಕೊಂಡೆ. ಕೋಲಿಗೆ ಸುತ್ತಿದ ಬಟ್ಟೆಯನ್ನು ಅದರಲ್ಲಿ ಅದ್ದಿ ಒಂದೇ ಎಳೆತಕ್ಕೆ ಬಳಿದೆ. ಅಂಚು ಬಿಟ್ಟುಕೊಂಡ ಕೂಡಲೇ ತುಪ್ಪ ಸವರಿ, ಬಿಸಿಯಿರುವಾಗಲೇ ಮಡಚಬೇಕು, ಆರಿದರೆ ಪುಡಿಪುಡಿ. ನಾನ್‌ಸ್ಟಿಕ್ ತವಾ ಸಾಕು ಎಂದವರಿಗೆ ದೊಡ್ಡ ನಮಸ್ಕಾರ: ಅದರಲ್ಲಿ ಆಗುವುದು ಸಿಹಿ ದೋಸೆ. ದೊಡ್ಡಮ್ಮ ತಿಂದು, "ಏಲಕ್ಕಿ ಕಡಿಮೆಯಾಯಿತು" ಎಂದರು. ಆಲೆಮನೆ ಮುಗಿದ ಮೇಲೆ ಬೆಲ್ಲದ ನೀರಿನಲ್ಲಿ ಮಾಡುವವರಿದ್ದರೆ ದಯವಿಟ್ಟು ಅಳತೆ ತಿಳಿಸಿ.