ಮುಖ ನೋಡಿ ಮಾರ್ಮನ್ ಅಂತ ಹೇಳಬಹುದಾ? ಯೂಟಾಕ್ಕೆ ಬರುತ್ತಿರುವವರಿಗೆ

ಎಲ್ಲರಿಗೂ ನಮಸ್ಕಾರ.

ಟೆಕ್ಸಸ್‌ನಿಂದ ಅಮೆರಿಕದ ಯೂಟಾ ರಾಜ್ಯದ ಲೀಹೈ ಊರಿಗೆ ಬರಲಿರುವ ದಂಪತಿ ನಿನ್ನೆ ಗುಂಪಿನಲ್ಲಿ ಕೇಳಿದ ಪ್ರಶ್ನೆ ರಾತ್ರಿಯೆಲ್ಲ ತಲೆಯಲ್ಲಿ ಉಳಿಯಿತು. ಬಾಡಿಗೆ, ಶಾಲೆ, ಹಿಮ ಎಲ್ಲ ವಿಚಾರಿಸಿ ಕೊನೆಯಲ್ಲಿ ಹೀಗೆ ಬರೆದಿದ್ದರು: “ಅಲ್ಲಿ ಎಲ್ಲರೂ ಮಾರ್ಮನ್ ಅಂತೆ. ಎಲ್ಲರಿಗೂ ಹೊಂಬಣ್ಣದ ಕೂದಲು, ನೀಲಿ ಕಣ್ಣು ಅಂತೆ. ನಮ್ಮ ಮಗಳು ಕಪ್ಪಗಿದ್ದಾಳೆ. ಕ್ಲಾಸಿನಲ್ಲಿ ಒಂಟಿಯಾಗಿಬಿಡುತ್ತಾಳಾ?” ಮಾರ್ಮನ್ ಅಂದರೆ ಯೂಟಾದಲ್ಲಿ ಬಹಳ ಜನ ಸೇರಿರುವ ಒಂದು ಕ್ರೈಸ್ತ ಪಂಥದವರು.

ಅದರ ಕೆಳಗೆ ಬಂದ ಉತ್ತರಗಳನ್ನು ಓದಿ ಬೇಜಾರಾಯಿತು. “ಮಾಲ್‌ನಲ್ಲಿ ದೂರದಿಂದಲೇ ಗುರುತು ಹಿಡಿಯಬಹುದು” ಅಂತ ಒಬ್ಬರು. “ಮುಖದಲ್ಲಿ ಒಂಥರಾ ಹೊಳಪು, ಎಲ್ಲರೂ ಒಂದೇ ಅಚ್ಚು” ಅಂತ ಇನ್ನೊಬ್ಬರು. “ಹೆಂಗಸರು ಉದ್ದ ಲಂಗ, ಉದ್ದ ಜಡೆ” ಅಂತ ಮತ್ತೊಬ್ಬರು. ನಾವು ಇದೇ ಯೂಟಾದ ಸಾಲ್ಟ್ ಲೇಕ್ ಕಣಿವೆಗೆ ಬಂದು ಒಂಬತ್ತು ವರ್ಷವಾಯಿತು. ಇಬ್ಬರು ಮಕ್ಕಳೂ ಇಲ್ಲೇ ಬೆಳೆಯುತ್ತಿದ್ದಾರೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ನಮ್ಮ ಬೀದಿಯ ವಿಷಯ. ಎದುರು ಮನೆಯವರು ಎತ್ತರ, ಬಿಳುಪು, ಹೊಂಬಣ್ಣದ ಕೂದಲು, ನಾಲ್ಕು ಮಕ್ಕಳು. ಇವರು ಮಾರ್ಮನ್ನರೇ ಅಂತ ನಾನು ತೀರ್ಮಾನ ಮಾಡಿಕೊಂಡಿದ್ದೆ. ಮಾರ್ಮನ್ನರು ಕಾಫಿ, ಟೀ ಕುಡಿಯುವುದಿಲ್ಲ ಅಂತ ಕೇಳಿದ್ದೆನಲ್ಲ, ಆಕೆ ಮೊದಲ ಸಲ ಮನೆಗೆ ಬಂದಾಗ ಬರೀ ಹಾಲು ಬಿಸಿಗಿಟ್ಟೆ. ಆಕೆ ಕಟ್ಟೆಯ ಮೇಲಿದ್ದ ಫಿಲ್ಟರ್ ನೋಡಿ, “ನನಗೂ ಒಂದು ಲೋಟ ಸಿಗುತ್ತಾ?” ಅಂದರು. ಅವರು ಮಿನೆಸೋಟಾ ಕಡೆಯ ಕ್ಯಾಥೊಲಿಕರು. ಇನ್ನು ಪಕ್ಕದ ಮನೆಯವರು ಟೋಂಗಾ ದ್ವೀಪದ ಮೂಲದವರು. ಕಂದು ಮೈಬಣ್ಣ, ಗುಂಗುರು ಕೂದಲು, ಗಟ್ಟಿ ಆಳು. ಅವರ ಧರ್ಮ ಯಾವುದಿರಬಹುದು ಅಂತ ಯೋಚನೆಯನ್ನೂ ಮಾಡಿರಲಿಲ್ಲ. ಆರು ತಿಂಗಳಾದ ಮೇಲೆ ಗೊತ್ತಾಯಿತು, ನಮ್ಮ ಬಡಾವಣೆಯ ವಾರ್ಡಿಗೆ ಅವರೇ ಬಿಷಪ್. ವಾರ್ಡ್ ಅಂದರೆ ಕೆಲವು ಬೀದಿಗಳು ಸೇರಿದ ಒಂದು ಸಭೆ. ಬಿಷಪ್‌ಗೆ ಸಂಬಳ ಇಲ್ಲ. ಇವರು ವಾರವೆಲ್ಲ ಹೀಟರ್ ರಿಪೇರಿ ಕೆಲಸ ಮಾಡಿ, ಭಾನುವಾರ ಟೈ ಕಟ್ಟಿಕೊಂಡು ಸಭೆ ನಡೆಸುತ್ತಾರೆ.

ಅವರೇನೂ ಅಪರೂಪದವರಲ್ಲ. ಜನಸಂಖ್ಯೆಗೆ ಹೋಲಿಸಿದರೆ ಮಾರ್ಮನ್ನರು ಜಗತ್ತಿನಲ್ಲೇ ಅತಿ ಹೆಚ್ಚಿರುವುದು ಟೋಂಗಾ, ಸಮೋವಾಗಳಲ್ಲಿ. ಈ ಚರ್ಚಿನ ಲೆಕ್ಕದ ಪ್ರಕಾರ ಒಟ್ಟು ಸದಸ್ಯರು ಒಂದೂ ಮುಕ್ಕಾಲು ಕೋಟಿಯ ಹತ್ತಿರ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅಮೆರಿಕದ ಹೊರಗಿದ್ದಾರೆ. ಮೆಕ್ಸಿಕೊ, ಬ್ರೆಜಿಲ್, ಫಿಲಿಪೈನ್ಸ್, ಈಗೀಗ ನೈಜೀರಿಯಾ. ಹೀಗಿದ್ದರೂ ನಮ್ಮ ತಲೆಯಲ್ಲಿ ಕೂತಿರುವುದು ಬಿಳಿ ಶರ್ಟು, ಟೈ, ಎದೆಯ ಮೇಲೆ ಕಪ್ಪು ಹೆಸರಿನ ಪಟ್ಟಿ, ಇಬ್ಬರು ಬಿಳಿ ಮಿಷನರಿ ಹುಡುಗರು. ಆ ಚಿತ್ರ ಸುಮ್ನೆ ಹುಟ್ಟಿದ್ದಲ್ಲ.

ಜೋಸೆಫ್ ಸ್ಮಿತ್ ಈ ಪಂಥವನ್ನು ನ್ಯೂಯಾರ್ಕ್ ರಾಜ್ಯದಲ್ಲಿ 1830ರಲ್ಲಿ ಶುರು ಮಾಡಿದರು. ಅವರ ಅನುಯಾಯಿಗಳು ಊರೂರು ಓಡಿಸಿಕೊಂಡು, 1847ರ ಜುಲೈ 24ರಂದು ಸ್ಮಿತ್ ನಂತರದ ನಾಯಕ ಬ್ರಿಗಮ್ ಯಂಗ್ ಜೊತೆ ಈ ಕಣಿವೆಗೆ ಬಂದರು. ಆಮೇಲೆ ಇಂಗ್ಲೆಂಡ್, ಡೆನ್ಮಾರ್ಕ್, ಸ್ವೀಡನ್‌ಗಳಲ್ಲಿ ಮತಕ್ಕೆ ಸೇರಿದವರು ಹಡಗು ಹತ್ತಿ ಬಂದರು. 1840ರಿಂದ 1890ರೊಳಗೆ ಹೀಗೆ ಬಂದವರು 80 ಸಾವಿರಕ್ಕೂ ಜಾಸ್ತಿ. ಇಲ್ಲಿಂದ ದಕ್ಷಿಣಕ್ಕೆ ಸ್ಯಾನ್‌ಪೀಟ್ ಕಡೆ ಹೋದರೆ ಹಳೆಯ ಸಮಾಧಿಗಳ ಮೇಲೆ ಸಾಲು ಸಾಲಾಗಿ ಡ್ಯಾನಿಶ್ ಹೆಸರುಗಳು. ಅಂದರೆ ಆ ಹೊಂಬಣ್ಣದ ಕೂದಲು ಬಂದಿದ್ದು ಕೋಪನ್‌ಹೇಗನ್ ಕಡೆಯಿಂದ, ಧರ್ಮದಿಂದ ಅಲ್ಲ.

1847ರಲ್ಲಿ ಬಂದ ಮೊದಲ ತಂಡದಲ್ಲೇ ಗ್ರೀನ್ ಫ್ಲೇಕ್ ಅನ್ನುವ ಕಪ್ಪು ಯುವಕ ಇದ್ದ. ಗುಲಾಮನಾಗಿ ಬಂದವನು. ಸಾಲ್ಟ್ ಲೇಕ್ ಪಶ್ಚಿಮಕ್ಕೆ ಸ್ಕಲ್ ವ್ಯಾಲಿ ಅನ್ನುವ ಒಣ ಬಯಲಿನಲ್ಲಿ, ಮತಕ್ಕೆ ಸೇರಿದ ಹವಾಯಿ ಜನ 1889ರಲ್ಲಿ ಐಯೊಸೆಪಾ ಅಂತ ಒಂದು ಊರನ್ನೇ ಕಟ್ಟಿದ್ದರು. 1917ರಲ್ಲಿ ಅದು ಬರಿದಾಯಿತು. ಈಗ ಅಲ್ಲಿ ಉಳಿದಿರುವುದು ಮುಖ್ಯವಾಗಿ ಸ್ಮಶಾನ. ನಮ್ಮ ಪಕ್ಕದ ಮನೆಯವರು ಪ್ರತಿ ಮೇ ತಿಂಗಳ ಕೊನೆಯಲ್ಲಿ ಅಲ್ಲಿನ ಕೂಟಕ್ಕೆ ಹೋಗಿ ಸಮಾಧಿಗಳಿಗೆ ಹೂವು ಇಟ್ಟು ಬರುತ್ತಾರೆ. ಒಂದು ವರ್ಷ ನಮ್ಮನ್ನೂ ಕರೆದುಕೊಂಡು ಹೋಗಿದ್ದರು. ಆ ಬಿಸಿಲಲ್ಲಿ ನಿಂತು, ಸಮುದ್ರದ ದ್ವೀಪದಿಂದ ಈ ಉಪ್ಪು ಬಯಲಿಗೆ ಬಂದು ಹೇಗೆ ಬಾಳಿದರಪ್ಪಾ ಅನ್ನಿಸಿತು.

ಇದನ್ನೂ ಹೇಳಬೇಕು: ಬಿಳಿ ಚಿತ್ರ ಗಟ್ಟಿಯಾಗಲು ಚರ್ಚಿನ ಪಾಲೂ ಇದೆ. 1852ರಿಂದ 1978ರವರೆಗೆ ಆಫ್ರಿಕಾ ಮೂಲದ ಗಂಡಸರಿಗೆ ಅವರು ಪೌರೋಹಿತ್ಯ ಕೊಡುತ್ತಿರಲಿಲ್ಲ. ಉಳಿದ ಎಲ್ಲ ಗಂಡಸರಿಗೂ ಸಿಗುವ ಪದವಿ ಅದು. ನಮ್ಮಲ್ಲಿ ಎಷ್ಟೋ ಜನ ಹುಟ್ಟಿದ ಮೇಲೂ ಆ ನಿಯಮ ಇತ್ತು. ಮಕ್ಕಳು ಕೇಳಿದಾಗ ನಾನು ಇದನ್ನು ಮುಚ್ಚಿಡುವುದಿಲ್ಲ.

ಆದರೆ ಒಂದು ಕಾಲದಲ್ಲಿ ಇದೇ ಮಾರ್ಮನ್ನರನ್ನು ‘ಸರಿಯಾದ ಬಿಳಿಯರಲ್ಲ’ ಅಂತ ಉಳಿದ ಅಮೆರಿಕನ್ನರು ಹೇಳುತ್ತಿದ್ದರು. ಇದು ನನಗೆ ಗೊತ್ತಾಗಿದ್ದು ತೀರಾ ಈಚೆಗೆ. 1857ರಲ್ಲಿ ಯೂಟಾಕ್ಕೆ ಕಳಿಸಿದ ಸೈನ್ಯದ ಜೊತೆ ರಾಬರ್ಟ್ಸ್ ಬಾರ್ತೊಲೊ ಅನ್ನುವ ಸೈನ್ಯದ ವೈದ್ಯ ಬಂದಿದ್ದ. ಅವನ ವರದಿ 1860ರಲ್ಲಿ ಅಮೆರಿಕದ ಸೆನೆಟ್ ದಾಖಲೆಯಲ್ಲೇ ಅಚ್ಚಾಯಿತು. ಆಗ ಮಾರ್ಮನ್ನರಲ್ಲಿದ್ದ ಬಹುಪತ್ನಿತ್ವದಿಂದ ಇಲ್ಲಿ ಒಂದು ಹೊಸ ತಳಿಯೇ ಹುಟ್ಟುತ್ತಿದೆ ಅಂತ ಅವನ ವಾದ. ಹಳದಿ ಬಿಳಿಚಿದ ಗುಳಿಬಿದ್ದ ಮುಖ, ಹಸಿರು ಛಾಯೆಯ ಕಣ್ಣು, ದಪ್ಪ ತುಟಿ, ಕಿರಿದಾದ ಹಣೆ, ಒಣಕಲು ಮೈ. ಕಣ್ಣು ಹಾಯಿಸಿದರೆ ಸಾಕು, ಗುರುತು ಸಿಗುತ್ತೆ ಅಂತ ಬರೆದ. ಓದಿದ ವೈದ್ಯರು ಇದರ ಮೇಲೆ ಸಭೆಗಳಲ್ಲಿ ಚರ್ಚೆ ಮಾಡಿದರು. ಪತ್ರಿಕೆಯ ವ್ಯಂಗ್ಯಚಿತ್ರಗಳಲ್ಲಿ ಮಾರ್ಮನ್ನರಿಗೆ ಕೊಂಬು ಬರೆಯುತ್ತಿದ್ದರು. ಯೆಹೂದಿಗಳಿಗೆ ಕೊಂಬಿದೆ ಅಂತ ಯುರೋಪಿನಲ್ಲಿ ಹೇಳುತ್ತಿದ್ದರಲ್ಲ, ಅದೇ ಕಥೆ ಇವರ ತಲೆಗೂ ಬಂತು. ನಮ್ಮ ಬೀದಿಯ ಒಬ್ಬ ಅಜ್ಜಿ ಹೇಳುತ್ತಿದ್ದರು, ಅವರು ಚಿಕ್ಕವರಿದ್ದಾಗ ಬೇರೆ ರಾಜ್ಯದಲ್ಲಿ ಒಬ್ಬ ಹುಡುಗಿ ಕೊಂಬು ಹುಡುಕಲು ಇವರ ತಲೆ ಸವರಿ ನೋಡಿದ್ದಳಂತೆ. ಹೇಳುವಾಗ ಅಜ್ಜಿಯ ಮುಖ ಸಪ್ಪಗಾಗಿತ್ತು.

ಅದೇ ಜನ, ಅದೇ ಕಣಿವೆ. ಆಗ ರೋಗಿಷ್ಟ ತಳಿ. ಈಗ ಹೊಳೆಯುವ ಮುಖದ ಕುಟುಂಬ. ನೋಡುವವರಿಗೆ ಬೇಕಾದ್ದು ಆ ಮುಖದಲ್ಲಿ ಕಂಡಿತು, ಅಷ್ಟೇ.

‘ಹೊಳಪು’ ಅಂದವರಿಗೆ ಒಂದು ಮಾತು. ನಳಿನಿ ಅಂಬಾಡಿ, ಕೇರಳ ಮೂಲದ ಮನಶ್ಶಾಸ್ತ್ರಜ್ಞೆ, ತಮ್ಮ ಜೊತೆಯವರೊಡನೆ 2010ರಲ್ಲಿ ಇದನ್ನೇ ಪರೀಕ್ಷೆ ಮಾಡಿದ್ದರು. ಬರೀ ಮುಖದ ಫೋಟೊ ತೋರಿಸಿ ಯಾರು ಮಾರ್ಮನ್ ಅಂತ ಕೇಳಿದರು. ಜನರ ಊಹೆ ಕಣ್ಣು ಮುಚ್ಚಿ ಹೇಳುವುದಕ್ಕಿಂತ ಸ್ವಲ್ಪ ಮೇಲಿತ್ತು. ಸುಳಿವು ಸಿಕ್ಕಿದ್ದು ಮೂಗು, ಕಣ್ಣುಗಳಿಂದಲ್ಲ, ಚರ್ಮದಿಂದ. ಆರೋಗ್ಯವಾಗಿ ಕಾಣುವ ಚರ್ಮ. ಈ ಜನ 1833ರಿಂದ ಪಾಲಿಸಿಕೊಂಡು ಬಂದ ನಿಯಮದಲ್ಲಿ ಹೆಂಡ, ತಂಬಾಕು ಇಲ್ಲ. ಇಷ್ಟೇ ಗುಟ್ಟು ಇರಬಹುದು. ಸಿಗರೇಟು ಸೇದದ, ಬೇಗ ಮಲಗುವ ಯಾವ ಊರಿನವರ ಮುಖವೂ ಹಾಗೇ ಇರುತ್ತೆ, ಅಲ್ವಾ? ಮತ್ತೆ, ‘ಸ್ವಲ್ಪ ಮೇಲು’ ಅಂದರೆ ತಪ್ಪು ಊಹೆಗಳೂ ಬೇಕಾದಷ್ಟು ಅಂತಲೇ ಅರ್ಥ. ಅಷ್ಟನ್ನು ನಂಬಿ ಪಕ್ಕದ ಮನೆಯವರ ಧರ್ಮ ಹೇಳಲಾಗದು.

ಉದ್ದ ಲಂಗ, ಎತ್ತಿ ಬಾಚಿದ ಕೂದಲು, ಜಡೆ. ಈ ಚಿತ್ರ ಪೂರ್ತಿ ಬೇರೆಯವರದು. 2008ರಲ್ಲಿ ಟೆಕ್ಸಸ್‌ನ ಒಂದು ರ್‍ಯಾಂಚ್ ಮೇಲೆ ದಾಳಿಯಾದಾಗ ಟಿವಿಯಲ್ಲಿ ಬಂದವರು ಮೂಲಪಂಥೀಯರು. ಬಹುಪತ್ನಿತ್ವ ಬಿಡದೆ ಬೇರೆಯಾದ ಸಣ್ಣ ಗುಂಪು. ಮುಖ್ಯ ಚರ್ಚು 1890ರಲ್ಲೇ ಹೊಸ ಬಹುಪತ್ನಿ ಮದುವೆಗಳನ್ನು ನಿಲ್ಲಿಸುತ್ತೇವೆ ಅಂತ ಘೋಷಿಸಿತು. ಈಗ ಅಂಥ ಮದುವೆಯಾದವರನ್ನು ಹೊರಗೆ ಹಾಕುತ್ತದೆ. ನಮ್ಮ ಮಕ್ಕಳ ಗೆಳೆಯರ ತಾಯಂದಿರು ಜೀನ್ಸ್ ಹಾಕಿಕೊಂಡು ಮಕ್ಕಳನ್ನು ಸಾಕರ್‌ಗೆ ಬಿಡಲು ಬರುತ್ತಾರೆ.

ಗಡ್ಡದ ವಿಷಯವೂ ಹೀಗೇ. ಮಿಷನರಿ ಹುಡುಗರು ಗಡ್ಡ ಬಿಡುವಂತಿಲ್ಲ. ಪ್ರೊವೊದಲ್ಲಿ ಚರ್ಚು ನಡೆಸುವ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲೂ ಹುಡುಗರು ಸಾಮಾನ್ಯವಾಗಿ ನುಣ್ಣಗೆ ಬೋಳಿಸಬೇಕು. ಆದರೆ ಆ ವಿಶ್ವವಿದ್ಯಾಲಯದ ಹೆಸರಿನ ಬ್ರಿಗಮ್ ಯಂಗ್‌ಗೇ ದೊಡ್ಡ ಗಡ್ಡ ಇತ್ತು. ನಾವು ‘ಮಾರ್ಮನ್ ಮುಖ’ ಅನ್ನುವುದರಲ್ಲಿ ಎಷ್ಟೋ ಪಾಲು ಕ್ಷೌರ ಮತ್ತು ಬಟ್ಟೆಯ ನಿಯಮ. ನಿಯಮ ಬದಲಾದರೆ ಮುಖವೂ ಬದಲಾಗುತ್ತದೆ.

ಈಗ ನನ್ನ ಮನಸ್ಸಿಗೆ ತೀರಾ ಹತ್ತಿರದ ಮಾತು. ಈ ಕೆಲಸ ನಮಗೆ ಹೊಸದಲ್ಲ. “ಹೆಸರು ಹೇಳಬೇಡ, ಮುಖ ನೋಡಿಯೇ ಯಾವ ಜನ ಅಂತ ಹೇಳ್ತೀನಿ” ಅನ್ನುವ ದೊಡ್ಡವರನ್ನು ನಾನು ಮದುವೆ ಮನೆಗಳಲ್ಲಿ ನೋಡುತ್ತಾ ಬೆಳೆದವಳು. ಬೆಳ್ಳಗಿದ್ದರೆ ಒಂದು ಜಾತಿ, ಕಪ್ಪಗಿದ್ದರೆ ಇನ್ನೊಂದು. ಬ್ರಿಟಿಷರ ಕಾಲದಲ್ಲಿ ಮದ್ರಾಸ್ ವಸ್ತುಸಂಗ್ರಹಾಲಯದ ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜನರ ಮೂಗು, ತಲೆಯನ್ನು ಅಳತೆ ಮಾಡಿ ಜಾತಿಗೊಂದು ಲೆಕ್ಕ ಬರೆದಿಟ್ಟ. ಆ ವೈದ್ಯ ಬಾರ್ತೊಲೊ ಇಲ್ಲಿ ಮಾಡಿದ್ದೂ ಅದೇ ಥರದ ಕೆಲಸ. ನಾವು ಆ ಅಳತೆ ಪಟ್ಟಿಯನ್ನು ಸೂಟ್‌ಕೇಸಿನಲ್ಲಿ ಹಾಕಿಕೊಂಡು ಇಲ್ಲಿಗೂ ತಂದರೆ, ಮಕ್ಕಳು ಅದನ್ನು ನಮ್ಮಿಂದಲೇ ಕಲಿಯುತ್ತಾರೆ.

ಕಲಿತರು ಕೂಡ. ಮಗಳು ಎರಡನೇ ಕ್ಲಾಸಿನಲ್ಲಿದ್ದಾಗ ಟೋಂಗಾ ಗೆಳತಿಗೆ “ನೀನು ಮಾರ್ಮನ್ ಥರ ಕಾಣಲ್ಲ” ಅಂದಳು. ಆ ಮಗು ಮನೆಗೆ ಹೋಗಿ ಅತ್ತಿತು. ಅವಳ ತಾಯಿ ಜಗಳಕ್ಕೆ ಬರಲಿಲ್ಲ. ಬಾಗಿಲಿಗೆ ಬಂದು ಮೆಲ್ಲಗೆ ವಿಷಯ ಹೇಳಿ, “ಅವಳಿಗೆ ಈ ಮಾತು ಹೊಸದಲ್ಲ” ಅಂದರು. ಆ ಮಾತು ಮಗಳಿಗೆ ಎಲ್ಲಿಂದ ಬಂತು? ಊಟದ ಮೇಜಿನಲ್ಲಿ ನಾನೇ ಹೇಳಿದ್ದು. ಅವತ್ತು ಸಂಜೆ ಮಗಳ ಕೈ ಹಿಡಿದುಕೊಂಡು ಅವರ ಮನೆಗೆ ಹೋಗಿ ಇಬ್ಬರೂ ಕ್ಷಮೆ ಕೇಳಿದೆವು.

ಎರಡು ವರ್ಷದ ಮೇಲೆ ಅದೇ ಮಾತು ನಮ್ಮ ಮನೆಗೂ ಬಂತು. ಶಾಲೆಯ ಒಂದು ಕಾರ್ಯಕ್ರಮದಲ್ಲಿ ಇಲ್ಲಿನ ಮೊದಲ ವಲಸಿಗರ ನಾಟಕ ಇತ್ತು. ಮಗಳಿಗೆ ಬಂಡಿಯ ಜೊತೆ ನಡೆಯುವ ಹುಡುಗಿಯ ಪಾತ್ರ ಬೇಕಿತ್ತು. ‘ನೋಡಲು ಹೊಂದುವುದಿಲ್ಲ’ ಅಂತ ಪರದೆ ಎಳೆಯಲು ಹಾಕಿದರು. ನಾನು ಹೋಗಿ ಗ್ರೀನ್ ಫ್ಲೇಕ್ ವಿಷಯ ಹೇಳಿ ಮಾತಾಡಿದೆ. ಮರುದಿನ ಪಾತ್ರ ಕೊಟ್ಟರು. ಇಂಥದ್ದು ಆಗುತ್ತದೆ, ಸುಳ್ಳು ಹೇಳುವುದಿಲ್ಲ. ಆಗ ಹೋಗಿ ಮಾತಾಡಬೇಕು, ಸುಮ್ನೆ ಇರಬಾರದು.

ಹೆಣ್ಣುಮಕ್ಕಳಿದ್ದವರು ಇನ್ನೊಂದನ್ನು ಗಮನಿಸಿ. ಲೀಹೈನಿಂದ ಸಾಲ್ಟ್ ಲೇಕ್ ಕಡೆ ಹೆದ್ದಾರಿ 15ರಲ್ಲಿ ಬರುವಾಗ ರೂಪ ತಿದ್ದುವ ಶಸ್ತ್ರಚಿಕಿತ್ಸೆಯ ದೊಡ್ಡ ದೊಡ್ಡ ಜಾಹೀರಾತುಗಳು ಕಾಣುತ್ತವೆ. ಸುರುಳಿ ಮಾಡಿದ ಹೊಂಬಣ್ಣದ ಉದ್ದ ಕೂದಲು, ತೆಳ್ಳಗಿನ ಮೈ. ಇದೇ ‘ಯೂಟಾ ರೂಪ’ ಅನ್ನುವ ಒತ್ತಡ ಮಾರ್ಮನ್ ಹುಡುಗಿಯರ ಮೇಲೂ ಇದೆ. ಕಪ್ಪು ಕೂದಲಿನ ಮಾರ್ಮನ್ ಹುಡುಗಿ ಕೂದಲಿಗೆ ಬಣ್ಣ ಹಾಕಿಸಿಕೊಂಡಿದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ನಮ್ಮ ಮಕ್ಕಳಿಗೆ ಫೇರ್‌ನೆಸ್ ಕ್ರೀಮಿನ ಕಾಟ ಹೇಗೋ ಅವರಿಗೆ ಇದು ಹಾಗೆ. ಮಗಳ ಹತ್ತಿರ ಇದನ್ನೂ ಬಿಡಿಸಿ ಮಾತಾಡಿ.

ಇನ್ನು ‘ಮಾರ್ಮನ್’ ಅನ್ನುವ ಪದ. ಆ ಹೆಸರು ಬಳಸದೆ ಚರ್ಚಿನ ಪೂರ್ತಿ ಹೆಸರು (‘ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್ ಡೇ ಸೇಂಟ್ಸ್’) ಹೇಳಿ ಅಂತ 2018ರಲ್ಲಿ ಅವರ ಆಗಿನ ಅಧ್ಯಕ್ಷ ರಸೆಲ್ ನೆಲ್ಸನ್ ಕೇಳಿಕೊಂಡರು. ನಮಗೆ ಅರ್ಥವಾಗಲಿ ಅಂತ ಇಲ್ಲಿ ಬರೆದಿದ್ದೇನೆ. ಅವರ ಎದುರಿಗೆ ಮಾತಾಡುವಾಗ ‘ಲ್ಯಾಟರ್ ಡೇ ಸೇಂಟ್ಸ್’ ಅಂದರೆ ಅವರಿಗೆ ಖುಷಿ.

ಬೆಂಗಳೂರಿನವರಿಗೆ ಒಂದು ಸುದ್ದಿ ಗೊತ್ತಿರಲಿಕ್ಕಿಲ್ಲ. ಭಾರತದ ಮೊದಲ ಮಾರ್ಮನ್ ದೇವಾಲಯಕ್ಕೆ ಅವರು ಆರಿಸಿದ್ದು ನಮ್ಮ ಬೆಂಗಳೂರನ್ನು. 2018ರ ಏಪ್ರಿಲ್‌ನಲ್ಲಿ ಘೋಷಣೆ, 2020ರ ಡಿಸೆಂಬರ್‌ನಲ್ಲಿ ಭೂಮಿಪೂಜೆ. ಪಕ್ಕದ ಮನೆಯ ದೊಡ್ಡ ಹುಡುಗ ಮಿಷನರಿಯಾಗಿ ಕೆಲವು ತಿಂಗಳು ಅಲ್ಲಿದ್ದ. ಬಂದ ದಿನವೇ ಬೇಲಿಯ ಆಚೆಯಿಂದ “ಆಂಟಿ, ಊಟ ಆಯ್ತಾ?” ಅಂದ. ಕಣ್ಣು ತುಂಬಿ ಬಂತು. ಅವನ ಫೋನಿನಲ್ಲಿದ್ದ ಸಭೆಯ ಫೋಟೊ ತೋರಿಸಿದ. ಸೀರೆ ಉಟ್ಟ ಹೆಂಗಸರು, ಎಣ್ಣೆ ಹಾಕಿ ಬಾಚಿದ ಮಕ್ಕಳು. ತಮಿಳು, ತೆಲುಗು, ಕನ್ನಡ ಮನೆಗಳವರು. ನಮ್ಮ ಮಗಳು ಫೋಟೊ ನೋಡಿ, “ಇವರು ನಮ್ಮ ಚಿಕ್ಕಮ್ಮನ ಥರ ಇದ್ದಾರೆ” ಅಂದಳು.

ಹಾಗಾಗಿ ಆ ದಂಪತಿಗೆ ನನ್ನ ಉತ್ತರ: ಹೆದರಬೇಡಿ, ಬನ್ನಿ. ನೀವು ಬರುವ ವಾರ ಯಾರಾದರೂ ಬ್ರೆಡ್ಡು, ಕುಕೀಸ್ ತಟ್ಟೆ ಹಿಡಿದು ಬಾಗಿಲು ತಟ್ಟುತ್ತಾರೆ. ಚರ್ಚಿಗೆ ಕರೆಯಲೂಬಹುದು. ಬೇಡ ಅನ್ನಿಸಿದರೆ ನಗುನಗುತ್ತಾ ಬೇಡ ಅನ್ನಿ, ಸ್ನೇಹ ಕೆಡುವುದಿಲ್ಲ. ಭಾನುವಾರ ಎಷ್ಟೋ ಮನೆಯ ಮಕ್ಕಳು ಆಟಕ್ಕೆ ಬರುವುದಿಲ್ಲ, ಹುಟ್ಟುಹಬ್ಬವನ್ನು ಶನಿವಾರ ಇಟ್ಟುಕೊಳ್ಳಿ. ನಮ್ಮವರಿಗೆ ಸೌತ್ ಜೋರ್ಡನ್‌ನಲ್ಲಿ ಗಣೇಶನ ಗುಡಿ ಇದೆ. ಸ್ಪ್ಯಾನಿಶ್ ಫೋರ್ಕ್‌ನ ರಾಧಾಕೃಷ್ಣ ದೇವಸ್ಥಾನದ ಹೋಳಿಗೆ ಸಾವಿರಾರು ಜನ ಬರುತ್ತಾರೆ. ಅವರಲ್ಲಿ ಪ್ರೊವೊದ ವಿದ್ಯಾರ್ಥಿಗಳೇ ಜಾಸ್ತಿ. ಬಣ್ಣ ಹಚ್ಚಿಕೊಂಡ ಮೇಲೆ ಯಾರು ಯಾರು ಅಂತ ಯಾರಿಗೂ ತಿಳಿಯುವುದಿಲ್ಲ.

ಬಂದವರಿಗೆ ಏನು ಕುಡಿಯಲು ಕೊಡುವುದು ಅಂತ ಅವರ ಮುಖ ನೋಡಿ ತೀರ್ಮಾನ ಮಾಡಬೇಡಿ, ಬಾಯಿಬಿಟ್ಟು ಕೇಳಿ. ಕಾಫಿ ಬೇಡ ಅಂದರೆ ಜೀರಿಗೆ ಕಷಾಯ ಮಾಡಿ. ಬಿಷಪ್ ಮನೆಯವರಿಗೆ ಅದು ಬಹಳ ಇಷ್ಟ. ಪುಡಿ ನಾನು ಕೊಡುತ್ತೇನೆ, ಬಂದ ತಕ್ಷಣ ಮೆಸೇಜ್ ಮಾಡಿ.