ಪದಚರ್ಚೆ: ನಿಧನ, ಹತ್ಯೆ, ಕೊಲೆ – ಯಾರಿಗೆ ಯಾವುದು?

ಎಲ್ಲರಿಗೂ ನಮಸ್ಕಾರ.

ನಮ್ಮ ಪ್ರೌಢಶಾಲೆಯಲ್ಲಿ ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳು ‘ದಿನ ವಿಶೇಷ’ ಓದುತ್ತಾರೆ. ಅದಕ್ಕೆಂದೇ 1961ರಿಂದ 1970ರವರೆಗಿನ ಜಗತ್ತಿನ ಮುಖ್ಯ ಘಟನೆಗಳನ್ನೂ ಹುಟ್ಟುಸಾವುಗಳನ್ನೂ ಒಂದು ಕಿರುಪುಸ್ತಕವಾಗಿ ಜೋಡಿಸುತ್ತಿದ್ದೇನೆ. ಹೆಸರು, ಊರು, ತಾರೀಖು ಹೊಂದಿಸುವುದು ಕಷ್ಟವಾಗಲಿಲ್ಲ. ಸಾವಿಗೆ ಯಾವ ಪದ ಹಾಕುವುದು ಎಂಬಲ್ಲಿ ಕೈ ನಿಂತಿದೆ.

ಒಂದು ಪುಟವನ್ನು ನೋಡಿ. 1963ರ ನವೆಂಬರ್ 22: ಡಲ್ಲಾಸ್ ನಗರದಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ಗುಂಡೇಟಿನಿಂದ ಸತ್ತ ದಿನ. ಅದೇ ದಿನ ಲಾಸ್ ಏಂಜಲೀಸ್‌ನಲ್ಲಿ ಆಲ್ಡಸ್ ಹಕ್ಸ್‌ಲಿ, ಆಕ್ಸ್‌ಫರ್ಡ್‌ನಲ್ಲಿ ಸಿ. ಎಸ್. ಲೂಯಿಸ್, ಇಬ್ಬರು ಲೇಖಕರೂ ಕಾಯಿಲೆಯಿಂದ ತೀರಿಕೊಂಡರು. ಮೊದಲ ಕರಡಿನಲ್ಲಿ ಮೂವರಿಗೂ ‘ನಿಧನ’ ಎಂದೇ ಬರೆದಿದ್ದೆ. ಓದಿದಾಗ ಸರಿ ಕಾಣಲಿಲ್ಲ. ‘ನಿಧನ’ ಎಂದರೆ ಹಾಸಿಗೆ, ಔಷಧದ ಬಾಟಲಿ, ಸುತ್ತ ನಿಂತ ಮನೆಯವರು ಕಣ್ಣಿಗೆ ಬರುತ್ತಾರೆ, ಬಂದೂಕು ಬರುವುದಿಲ್ಲ. ಆದ್ದರಿಂದ ಕೆನಡಿಯವರ ಸಾಲನ್ನು ‘ಹತ್ಯೆ’ ಎಂದು ತಿದ್ದಿದೆ. ಎರಡು ದಿನಗಳ ಮುಂದಿನ ಸಾಲಿನಲ್ಲಿ ಆರೋಪಿ ಲೀ ಹಾರ್ವೆ ಓಸ್ವಾಲ್ಡ್‌ನನ್ನು ಪೊಲೀಸರ ನಡುವೆಯೇ ಜಾಕ್ ರೂಬಿ ಎಂಬಾತ ಗುಂಡಿಟ್ಟು ಕೊಂದ ವಿಷಯವಿದೆ. ಅಲ್ಲಿ, ಯೋಚನೆಯನ್ನೇ ಮಾಡದೆ, ‘ಓಸ್ವಾಲ್ಡ್ ಕೊಲೆ’ ಎಂದು ಬರೆದಿದ್ದೆ.

ಕರಡನ್ನು ಗಟ್ಟಿಯಾಗಿ ಓದುತ್ತಿದ್ದ ಒಂಬತ್ತನೆಯ ತರಗತಿಯ ಹುಡುಗಿ ಅಲ್ಲಿಗೆ ಬಂದು ನಿಂತಳು. “ಟೀಚರ್, ಇಬ್ಬರನ್ನೂ ಗುಂಡು ಹೊಡೆದೇ ಕೊಂದರಲ್ಲವೇ? ಅವರದು ಹತ್ಯೆ, ಇವನದು ಕೊಲೆ ಏಕೆ?” ಎಂದಳು. ಉತ್ತರ ಹೇಳಲು ನನಗೆ ಆಗಲಿಲ್ಲ. ಓಸ್ವಾಲ್ಡ್‌ನ ವಿಚಾರಣೆ ನಡೆದೇ ಇರಲಿಲ್ಲ. ಆದರೆ ನನ್ನ ಪದ ಆಗಲೇ ಅವನನ್ನು ಒಂದು ಮೆಟ್ಟಿಲು ಕೆಳಗೆ ಕೂರಿಸಿತ್ತು.

ನಮ್ಮ ಪತ್ರಿಕೆಗಳ ರೂಢಿ ಹೀಗೆಯೇ ಇದೆ. ನಾಯಕರಾದರೆ ‘ಹತ್ಯೆ’, ಹೊಲದ ಬದುವಿನ ಜಗಳದಲ್ಲಿ ಸತ್ತವನಾದರೆ ‘ಕೊಲೆ’. ‘ಹತ್ಯೆ’ಗೆ ಈ ದೊಡ್ಡಸ್ತಿಕೆ ಮೊದಲಿನಿಂದ ಇದ್ದಂತೆ ತೋರುವುದಿಲ್ಲ. ಬ್ರಹ್ಮಹತ್ಯೆ, ಗೋಹತ್ಯೆ, ಶಿಶುಹತ್ಯೆ, ಭ್ರೂಣಹತ್ಯೆ, ಆತ್ಮಹತ್ಯೆ – ಸತ್ತದ್ದು ಯಾರು ಎಂಬುದನ್ನು ಮೊದಲ ಪದ ಹೇಳುತ್ತದೆ, ‘ಹತ್ಯೆ’ ಪಾಪವನ್ನು ಹೇಳುತ್ತದೆ. ಇನ್ನೂ ಹುಟ್ಟದ ಕೂಸಿಗೂ ಸಲ್ಲುವ ಪದಕ್ಕೆ ಅಧಿಕಾರದ ಅಂತಸ್ತು ಎಲ್ಲಿಂದ ಬಂತು? ‘ಕೊಲೆ’ಯಾದರೋ ‘ಕೊಲ್ಲು’ ಎಂಬ ನಮ್ಮದೇ ಧಾತುವಿನದು. ಕೊಂದ ಕೈಯನ್ನು ಅದು ಮರೆಮಾಚುವುದಿಲ್ಲ. ‘ವಧೆ’ಯನ್ನು ನಾನು ಮೊದಲೇ ಬಿಟ್ಟೆ. ಕೀಚಕವಧೆ, ಬಕವಧೆ ಎನ್ನುವಾಗ ನಾವು ಕೊಂದವನ ಪಕ್ಷದಲ್ಲಿ ಇರುತ್ತೇವೆ. (ಅಭಿಮನ್ಯುವಿನ ವಧೆ ಎಂದಾಗ ಮಾತ್ರ ಎದೆ ಹಿಂಡುತ್ತದೆ, ಆ ಮಾತು ಬೇರೆ.)

ಪದ ಎಷ್ಟು ಭಾರ ಹೊರುತ್ತದೆ ಎಂಬುದು ನನಗೆ ಮನದಟ್ಟಾದದ್ದು ಕಾಂಗೋದ ಪುಟದಲ್ಲಿ. ಅಲ್ಲಿನ ಮೊದಲ ಪ್ರಧಾನಿ ಪ್ಯಾಟ್ರಿಸ್ ಲುಮುಂಬಾ ಅವರನ್ನು 1961ರ ಜನವರಿ 17ರಂದು, ಕಾಂಗೋದಿಂದ ಸಿಡಿದು ಬೇರೆಯಾಗಿದ್ದ ಕಟಾಂಗಾ ಪ್ರಾಂತದಲ್ಲಿ ಇಬ್ಬರು ಸಂಗಡಿಗರೊಡನೆ ನಿಲ್ಲಿಸಿ ಗುಂಡಿಟ್ಟರು. ಆಗ ಅವರಿಗೆ 35 ವರ್ಷ. ಕಟಾಂಗಾದ ಆಡಳಿತ ಸುದ್ದಿ ಹೊರಗೆಡವಿದ್ದು ಫೆಬ್ರವರಿಯಲ್ಲಿ, ಅದೂ ತಪ್ಪಿಸಿಕೊಂಡು ಹೋಗುವಾಗ ಹಳ್ಳಿಯವರು ಕೊಂದರೆಂಬ ಸುಳ್ಳಿನೊಡನೆ. ದೇಹವನ್ನು ಉಳಿಯಗೊಡಲಿಲ್ಲ, ಉಳಿದಿದ್ದ ಒಂದು ಹಲ್ಲನ್ನು ಕಾಂಗೋವನ್ನು ಹಿಂದೆ ಆಳಿದ್ದ ಬೆಲ್ಜಿಯಂ 2022ರಲ್ಲಿ ಕುಟುಂಬಕ್ಕೆ ಒಪ್ಪಿಸಿತು. ಇಂಥ ಸಾವಿನ ಮುಂದೆ ‘ನಿಧನ’ ಎಂದು ಬರೆದರೆ ಆ ಸುಳ್ಳಿಗೆ ನಾವೂ ರುಜು ಹಾಕಿದಂತೆ. ‘ಕೊಲೆ’ ಎಂದೇ ಬರೆದಿದ್ದೇನೆ. ಇದರಿಂದ ಅವರ ಘನತೆ ಕುಂದಿತು ಎಂದು ನನಗೆ ಅನ್ನಿಸುವುದಿಲ್ಲ.

ಅದೇ ವರ್ಷ ಸೆಪ್ಟೆಂಬರ್ 18ರಂದು ವಿಶ್ವಸಂಸ್ಥೆಯ ಮಹಾ ಕಾರ್ಯದರ್ಶಿ ಡಾಗ್ ಹ್ಯಾಮರ್‌ಷೋಲ್ಡ್ ಕಾಂಗೋದ ಸಂಧಾನಕ್ಕೆಂದು ಹೊರಟವರು ಇಂದಿನ ಜಾಂಬಿಯಾದ ಎನ್‌ಡೋಲಾ ಬಳಿ ವಿಮಾನ ಬಿದ್ದು ತೀರಿಕೊಂಡರು. ಇಲ್ಲಿ ‘ಅಪಘಾತ’ ಎಂದರೆ ಯಾರೂ ಬೇಕೆಂದು ಮಾಡಿದ್ದಲ್ಲ ಎಂದು ತೀರ್ಪು ಕೊಟ್ಟಂತಾಗುತ್ತದೆ. ಹೊಡೆದುರುಳಿಸಿದರೇ ಎಂಬ ಅನುಮಾನ ಅರ್ಧ ಶತಮಾನದ ಮೇಲೂ ಹೋಗದೆ, ವಿಶ್ವಸಂಸ್ಥೆಯೇ ಮತ್ತೆ ತನಿಖೆಗೆ ಇಳಿಯಿತು. ಸೋಜಿಗವೆಂದರೆ ‘ಹತ್ಯೆ’ಯೂ ‘ಘಾತ’ವೂ ‘ಹನ್’ ಎಂಬ ಒಂದೇ ಸಂಸ್ಕೃತ ಧಾತುವಿನ ಕೂಸುಗಳು. ‘ವಿಶ್ವಾಸಘಾತ’ದಲ್ಲಿ ಉಳಿದ ಉದ್ದೇಶ ‘ಅಪಘಾತ’ದಲ್ಲಿ ಅಳಿಸಿಹೋಗಿದೆ. ಪತ್ರಿಕೆಗಳು ಬಳಸುವ ‘ವಿಮಾನ ಪತನ’ ನನಗೆ ಹಿಡಿಸಿತು. ಬಿದ್ದಿತು ಎಂದಷ್ಟೇ ಹೇಳಿ ಅದು ಸುಮ್ಮನಾಗುತ್ತದೆ. 1966ರ ಜನವರಿ 24ರಂದು ಮಾಂಟ್ ಬ್ಲಾಂಕ್ ಪರ್ವತದಲ್ಲಿ ಹೋಮಿ ಭಾಭಾ ಅವರಿದ್ದ ಏರ್ ಇಂಡಿಯಾ ವಿಮಾನ, 1968ರ ಮಾರ್ಚ್ 27ರಂದು ತರಬೇತಿ ಹಾರಾಟದಲ್ಲಿದ್ದ ಯೂರಿ ಗಗಾರಿನ್ – ಇವರ ಸಾಲುಗಳಿಗೂ ಅದನ್ನೇ ಹಾಕಿದ್ದೇನೆ.

ಹುಟ್ಟಿನ ತೊಡಕು ಇನ್ನೊಂದು ಬಗೆಯದು. 1961ರಲ್ಲಿ ಡಯಾನಾ ಜುಲೈ 1ರಂದು, ಬರಾಕ್ ಒಬಾಮ ಆಗಸ್ಟ್ 4ರಂದು ಹುಟ್ಟಿದ್ದು. ತೊಟ್ಟಿಲ ಕೂಸಿಗೆ ‘ಜನಿಸಿದರು’ ಎನ್ನಬೇಕೇ? ‘ಹುಟ್ಟಿದ’, ‘ಹುಟ್ಟಿದಳು’ ಎಂದರೆ ಸಭೆಯಲ್ಲಿ ಓದುವಾಗ ಒರಟಾಗಿ ಕೇಳುತ್ತದೆ. ‘ಜನನ’ ಎಂಬ ನಾಮಪದದಿಂದ ನುಣುಚಿಕೊಳ್ಳಬಹುದು, ಆದರೆ ವಾಕ್ಯ ಕಟ್ಟಿ ಓದುವ ಮಕ್ಕಳಿಗೆ ಕ್ರಿಯಾಪದ ಬೇಕೇ ಬೇಕು. ಸದ್ಯಕ್ಕೆ ಎಲ್ಲರಿಗೂ ಬಹುವಚನ ಕೊಟ್ಟಿದ್ದೇನೆ, ಓಸ್ವಾಲ್ಡ್ ಮತ್ತು ರೂಬಿ ಇಬ್ಬರಿಗೂ ಸೇರಿಸಿ. ಇದಕ್ಕೆ ನಮ್ಮ ಶಿಕ್ಷಕರ ಕೊಠಡಿಯಲ್ಲಿ ಇನ್ನೂ ಒಪ್ಪಿಗೆ ಸಿಕ್ಕಿಲ್ಲ.

ಹೊದಿಕೆಯ ಮೇಲೆ ‘ಅರವತ್ತರ ದಶಕ’ ಎಂದರೆ 1960 ಒಳಗೆ ಬರುತ್ತದೆ, 1970 ಹೊರಗೆ ಉಳಿಯುತ್ತದೆ. ‘ಏಳನೆಯ ದಶಕ’ ಎಂದರೆ ಲೆಕ್ಕ ಸರಿ, ಆದರೆ ಮಕ್ಕಳು ಎಪ್ಪತ್ತರದೆಂದು ತಿಳಿಯುತ್ತಾರೆ. ಆದ್ದರಿಂದ ಇಸವಿಗಳನ್ನೇ ಬರೆಯುತ್ತೇನೆ.

ಬಲ್ಲವರಲ್ಲಿ ನನ್ನ ಕೇಳಿಕೆ ಇಷ್ಟು. ಮನುಷ್ಯ ಯಾರೆಂದು ನೋಡದೆ, ಸತ್ತ ಬಗೆಯನ್ನಷ್ಟೇ ನೋಡಿ ‘ಕೊಲೆ’ ಎಂದು ಎಲ್ಲರಿಗೂ ಬಳಸಿದ ಹಳೆಯ ಪತ್ರಿಕೆ ಅಥವಾ ಪಠ್ಯದ ಪ್ರಯೋಗ ನಿಮ್ಮ ಕಣ್ಣಿಗೆ ಬಿದ್ದಿದೆಯೇ? 1967ರ ಅಕ್ಟೋಬರ್ 9ರ, ಕ್ರಾಂತಿಕಾರಿ ಚೆ ಗೆವಾರನ ಸಾಲನ್ನು ಏನೆಂದು ಬರೆಯಲಿ? ಸೆರೆ ಹಿಡಿದ ಮರುದಿನ ಬೊಲಿವಿಯಾದ ಸೈನ್ಯ ವಿಚಾರಣೆಯಿಲ್ಲದೆ ಗುಂಡಿಕ್ಕಿತು. ‘ಮರಣದಂಡನೆ’ ಎನ್ನಲು ನ್ಯಾಯಾಲಯವಿರಲಿಲ್ಲ, ‘ಯುದ್ಧದಲ್ಲಿ ಮಡಿದರು’ ಎನ್ನಲು ಕೈಯಲ್ಲಿ ಆಯುಧವಿರಲಿಲ್ಲ. ಆ ಸಾಲಿನ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಕರಡು ಮುಂದಿನ ಸೋಮವಾರ ಅಚ್ಚಿಗೆ ಹೋಗುತ್ತದೆ.