ಪೌಡರ್ ಹಾಕುವ ಟ್ರೇಯಲ್ಲಿ ಕಪ್ಪು ಬೂಷ್ಟು, ಹೇಗೆ ತೊಳೆಯುತ್ತೀರಿ?

ಬೆಂಗಳೂರಿನಿಂದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಮ್ಮದು ಫ್ರಂಟ್ ಲೋಡ್ ವಾಷಿಂಗ್ ಮಷಿನ್, ತಗೊಂಡು ಮೂರು ವರ್ಷ ಆಯಿತು. ಪೌಡರ್ ಹಾಕುವ ಟ್ರೇ ಎಳೆದರೆ ಸಾಕು, ಮುಗ್ಗಲು ವಾಸನೆ. ಮೂಲೆಯಲ್ಲಿ ಪೌಡರ್ ಕಲ್ಲಿನ ಹಾಗೆ ಗಟ್ಟಿಯಾಗಿದೆ. ಸಾಫ್ಟ್‌ನರ್ ಹಾಕುವ ಕಡೆ ಯಾವಾಗಲೂ ನೀರು ನಿಂತಿರುತ್ತದೆ. ಬಟ್ಟೆಯಲ್ಲಿ ಒರೆಸಿದರೆ ಒಂದು ವಾರ ಚೆನ್ನಾಗಿರುತ್ತದೆ, ಆಮೇಲೆ ಮತ್ತೆ ಕಪ್ಪು. ಈ ಟ್ರೇ ಪೂರ್ತಿ ಹೊರಗೆ ಬರುತ್ತದಾ? ಜಗ್ಗಿದರೆ ಮುರಿದೀತು ಅಂತ ಭಯ. ನಿಮ್ಮ ಮನೆಗಳಲ್ಲಿ ಏನು ಮಾಡುತ್ತೀರಿ, ದಯವಿಟ್ಟು ಹೇಳಿ.

ಮೈಸೂರಿನಿಂದ:

ಬರುತ್ತದೆ, ಭಯ ಬೇಡ. ಟ್ರೇ ಎಷ್ಟು ಬರುತ್ತದೋ ಅಷ್ಟು ಎಳೆಯಿರಿ. ಸಾಫ್ಟ್‌ನರ್ ಖಾನೆಯ ಹಿಂಭಾಗದಲ್ಲಿ ಹೆಚ್ಚಿನ ಮಷಿನ್‌ಗಳಲ್ಲಿ ‘ಪುಶ್’ ಅಂತ ಬರೆದ ಜಾಗ ಇರುತ್ತದೆ. ಅದನ್ನು ಬೆರಳಿನಿಂದ ಕೆಳಕ್ಕೆ ಒತ್ತಿ ಹಿಡಿದುಕೊಂಡೇ ಎಳೆದರೆ ಇಡೀ ಟ್ರೇ ಕೈಗೆ ಬರುತ್ತದೆ. ಕೆಲವು ಮಾಡೆಲ್‌ಗಳಲ್ಲಿ ಸ್ವಲ್ಪ ಮೇಲಕ್ಕೆ ಎತ್ತಿ ಎಳೆಯಬೇಕು. ಮಷಿನ್ ಜೊತೆ ಬಂದ ಪುಸ್ತಕದಲ್ಲಿ ಚಿತ್ರ ಇರುತ್ತದೆ, ಒಮ್ಮೆ ನೋಡಿಕೊಳ್ಳಿ.

ನಮ್ಮ ಮನೆಯಲ್ಲೂ ಮೊದಲ ನಾಲ್ಕು ವರ್ಷ ಯಾರಿಗೂ ಇದು ಗೊತ್ತಿರಲಿಲ್ಲ. ಮಗಳ ಬಿಳಿ ಯೂನಿಫಾರ್ಮ್ ಮೇಲೆ ಚಹಾಪುಡಿ ಚೆಲ್ಲಿದ ಹಾಗೆ ಕಪ್ಪು ಚೂರುಗಳು ಬರತೊಡಗಿದವು. ಡ್ರಮ್ ತೊಳೆದೆ, ಬಾಗಿಲಿನ ರಬ್ಬರ್ ಒರೆಸಿದೆ, ಹೋಗಲಿಲ್ಲ. ಕೊನೆಗೆ ಟ್ರೇ ಹೊರಗೆ ತೆಗೆದು ನೋಡಿದರೆ ಅದರ ಬೆನ್ನಿಗೆ ದಪ್ಪಗೆ ಲೋಳೆ ಅಂಟಿತ್ತು. ನೀರು ಅದರ ಮೇಲೆಯೇ ಹರಿದು ಬಟ್ಟೆಗೆ ಹೋಗುತ್ತಿತ್ತು. ಅವತ್ತು ನಿಜವಾಗಿ ಬೇಜಾರಾಯಿತು.

ನೀವು ಹೇಳಿದ ನಿಂತ ನೀರಿನ ಬಗ್ಗೆ. ಸಾಫ್ಟ್‌ನರ್ ಖಾನೆಯಲ್ಲಿ ಒಂದು ಚಿಕ್ಕ ಮುಚ್ಚಳ ಇರುತ್ತದೆ, ಸಾಮಾನ್ಯವಾಗಿ ನೀಲಿ ಬಣ್ಣದ್ದು. ಅದನ್ನು ಮೇಲಕ್ಕೆ ಎಳೆದರೆ ಬರುತ್ತದೆ. ಅದರ ಕೆಳಗೆ ನೆಟ್ಟಗೆ ನಿಂತ ಸಣ್ಣ ಕೊಳವೆ ಕಾಣುತ್ತದೆ. ಖಾನೆಯಲ್ಲಿ ನೀರು ಆ ಕೊಳವೆಯ ಬಾಯಿಗಿಂತ ಮೇಲೆ ಬಂದ ಕೂಡಲೇ ಕೊಳವೆಯೊಳಗೆ ಇಳಿಯಲು ಶುರುವಾಗುತ್ತದೆ, ಹಾಗೇ ಉಳಿದ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಕ್ಯಾನಿಗೆ ಪೈಪ್ ಹಾಕಿ ಸೀಮೆಎಣ್ಣೆ ಇಳಿಸುತ್ತಿದ್ದರಲ್ಲ, ಅದೇ ಕ್ರಮ. ಸಾಫ್ಟ್‌ನರ್ ಜಿಡ್ಡಿನ ಪದಾರ್ಥ, ಆ ಸಂದಿನಲ್ಲಿ ಕಟ್ಟಿಕೊಳ್ಳುತ್ತದೆ. ಆಗ ಎಳೆತ ತಪ್ಪಿ ನೀರು ಅಲ್ಲೇ ನಿಲ್ಲುತ್ತದೆ. ಒಂದೆರಡು ಚಮಚ ಉಳಿದರೆ ಚಿಂತೆ ಇಲ್ಲ. ಅರ್ಧ ಖಾನೆ ನಿಂತರೆ ಮುಚ್ಚಳ ಕಟ್ಟಿಕೊಂಡಿದೆ ಅಂತಲೇ ತಿಳಿಯಿರಿ.

ತೊಳೆಯೋದು ಸುಲಭ. ಸ್ನಾನದ ನೀರಿನಷ್ಟು ಬಿಸಿ ಇರುವ ನೀರಲ್ಲಿ ಟ್ರೇ, ಮುಚ್ಚಳ ಎರಡನ್ನೂ ಅರ್ಧ ಗಂಟೆ ನೆನೆಹಾಕಿ. ಕುದಿಯುವ ನೀರು ಬೇಡ, ಪ್ಲಾಸ್ಟಿಕ್ ಸೊಟ್ಟಗಾದರೆ ಟ್ರೇ ಮತ್ತೆ ಕೂರೋದಿಲ್ಲ. ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿ ಹಳೇ ಹಲ್ಲುಜ್ಜುವ ಬ್ರಶ್‌ನಿಂದ ಉಜ್ಜಿ. ಮುಚ್ಚಳದ ಒಳಗೆ ಬ್ರಶ್ ಹೋಗೋದಿಲ್ಲ. ಅದಕ್ಕೆ ನಾನು ಉರಿದು ಮುಗಿದ ಊದುಬತ್ತಿ ಕಡ್ಡಿಯ ತುದಿಗೆ ಹತ್ತಿ ಸುತ್ತಿ ಬಳಸುತ್ತೇನೆ. ಮೊದಲ ಸಲ ಒಳಗಿನಿಂದ ಬೆಣ್ಣೆಯಂಥ ಬೂದು ಮುದ್ದೆ ಹೊರಬಂತು.

ಟ್ರೇ ಕೂರುವ ಗೂಡನ್ನು ಮರೆಯಬೇಡಿ. ಮೊಬೈಲ್ ಟಾರ್ಚ್ ಹಾಕಿ ಅದರ ಚಾವಣಿ ನೋಡಿ. ಜಾಸ್ತಿ ಬೂಷ್ಟು ಇರೋದು ಅಲ್ಲೇ. ವಾರದಲ್ಲಿ ಮತ್ತೆ ಕಪ್ಪಾಗುವುದಕ್ಕೂ ಅದೇ ಕಾರಣ ಇರಬಹುದು. ಮೊದಲು ಪ್ಲಗ್ ತೆಗೆಯಿರಿ. ನೀರು ಎರಚಬೇಡಿ, ವೈರು, ಬೋರ್ಡು ಎಲ್ಲ ಪಕ್ಕದಲ್ಲೇ ಇರುತ್ತದೆ. ಚೆನ್ನಾಗಿ ಹಿಂಡಿದ ಬನಿಯನ್ ಬಟ್ಟೆಯಿಂದ ಒರೆಸಿದರೆ ಸಾಕು.

ಕೋಲಾರದಿಂದ:

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ನಿಮ್ಮದು ಕಾವೇರಿ ನೀರೋ ಬೋರ್ ನೀರೋ? ಟ್ಯಾಂಕರ್ ತರಿಸುತ್ತೀರಾ? ಇದು ಮುಖ್ಯ. ನಮ್ಮ ಕಡೆ ಬೋರ್ ನೀರು ತುಂಬಾ ಗಡಸು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೇರಿ ಟ್ರೇಗೆ ಸುಣ್ಣ ಬಳಿದ ಹಾಗೆ ಬಿಳಿ ಪದರ ಕಟ್ಟುತ್ತದೆ. ಬರೀ ಸೋಪಿನಿಂದ ಉಜ್ಜಿದರೆ ಅದು ಅಲುಗಾಡೋದಿಲ್ಲ. ಹುಳಿ ಬೇಕು. ಒಂದು ಲೀಟರ್ ಬೆಚ್ಚಗಿನ ನೀರಿಗೆ ಎರಡು ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಹಾಕಿ ಟ್ರೇ ನೆನೆಸುತ್ತೇನೆ. ಬಿಳಿ ವಿನೆಗರ್ ಕೂಡ ಆಗುತ್ತದೆ. ವಿನೆಗರ್ ಜೊತೆ ಸೋಡಾ ಸೇರಿಸಿ ನೊರೆ ಬರಿಸುವವರಿದ್ದಾರೆ. ಹುಳಿಯೂ ಸೋಡಾವೂ ಒಂದನ್ನೊಂದು ಕೊಂದುಹಾಕುತ್ತವೆ, ಸುಮ್ನೆ ದಂಡ.

ಒಂದು ಮಾತು ಕೈಮುಗಿದು ಹೇಳುತ್ತೇನೆ. ಹುಳಿ ಹಾಕಿದ ಕಡೆ ಬ್ಲೀಚ್ ಹಾಕಲೇಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ, ಸಣ್ಣ ಬಚ್ಚಲಲ್ಲಿ ಉಸಿರು ಕಟ್ಟುತ್ತದೆ.

ಇನ್ನು ಗಟ್ಟಿಯಾದ ಪೌಡರ್. ನಮ್ಮಲ್ಲಿ ಅದಕ್ಕೆ ಕಾರಣ ಟ್ರೇ ಆಗಿರಲಿಲ್ಲ, ನೀರು ಸಾಲುತ್ತಿರಲಿಲ್ಲ. ಗೂಡಿನ ಚಾವಣಿಯಲ್ಲಿ ಸಾಲಾಗಿ ಸಣ್ಣ ತೂತುಗಳಿರುತ್ತವೆ, ನೀರು ಬೀಳೋದು ಅಲ್ಲಿಂದಲೇ. ಅರ್ಧಕ್ಕರ್ಧ ತೂತು ಮುಚ್ಚಿಹೋಗಿದ್ದವು. ಅವನ್ನು ಬ್ರಶ್‌ನಿಂದ ಬಿಡಿಸಿದೆ. ಆಮೇಲೆ ನಲ್ಲಿ ಬಂದ್ ಮಾಡಿ, ಮಷಿನ್ ಹಿಂದಿನ ಪೈಪ್ ಬಿಚ್ಚಿದೆ. ಪೈಪ್ ಸೇರುವ ಬಾಯಲ್ಲಿ ಬೆರಳುಗುರಿನಷ್ಟು ಚಿಕ್ಕ ಜಾಲರಿ ಇದೆ. ಅದರ ತುಂಬಾ ಕೆಂಪು ಮರಳು! ಇಕ್ಕಳದಿಂದ ಮೆಲ್ಲಗೆ ಎಳೆದು, ತೊಳೆದು, ಮತ್ತೆ ಹಾಕಿದೆ. ಅವತ್ತಿನಿಂದ ಪೌಡರ್ ಒಂದು ಕಣ ಉಳಿಯುತ್ತಿಲ್ಲ. ಬಟ್ಟೆ ಒಗೆಯುವಾಗ ಟ್ರೇಯ ಮುಂದಿನಿಂದ ನೀರು ಸೋರುತ್ತಿದ್ದರೂ ಒಮ್ಮೆ ಆ ತೂತುಗಳನ್ನು ನೋಡಿ.

ಮಂಗಳೂರಿನಿಂದ:

ನೀವು ಲಿಕ್ವಿಡ್‌ನಿಂದ ಪೌಡರ್‌ಗೆ ಬದಲಾಯಿಸಿದ್ದೀರಾ? ಕೆಲವು ಟ್ರೇಗಳಲ್ಲಿ ಮುಖ್ಯ ಖಾನೆಯೊಳಗೆ ಒಂದು ಚಿಕ್ಕ ತಡೆ ಇರುತ್ತದೆ. ಲಿಕ್ವಿಡ್ ಹಾಕುವಾಗ ಅದು ಕೆಳಗಿರಬೇಕು, ಪೌಡರ್ ಹಾಕುವಾಗ ಮೇಲಿರಬೇಕು. ನಮ್ಮ ಅತ್ತೆ ಮನೆಯಲ್ಲಿ ಅದನ್ನು ಇಳಿಸಿಟ್ಟೇ ವರ್ಷಗಟ್ಟಲೆ ಪೌಡರ್ ಹಾಕುತ್ತಿದ್ದರು, ಪ್ರತಿ ಸಲ ಹಿಟ್ಟಿನ ಮುದ್ದೆ ಕಟ್ಟುತ್ತಿತ್ತು. ತಡೆ ಎತ್ತಿದ ಮೇಲೆ ನಿಂತಿತು. ಮತ್ತೆ ‘ಒಂದು’ ಅಂತ ಗುರುತಿರುವ ಖಾನೆ ಪ್ರೀವಾಶ್‌ಗೆ, ಅಂದರೆ ಮುಖ್ಯ ಒಗೆತಕ್ಕೆ ಮೊದಲಿನ ಒಗೆತಕ್ಕೆ, ಮಾತ್ರ. ಪ್ರೀವಾಶ್ ಹಾಕದೆ ಅಲ್ಲಿ ಪೌಡರ್ ಸುರಿದರೆ ಅದು ಅಲ್ಲೇ ಕೂರುತ್ತದೆ. ‘ಎರಡು’ ಅಂತ ಇರುವುದರಲ್ಲಿ ಹಾಕಿ.

ತೀರ್ಥಹಳ್ಳಿಯಿಂದ:

ನಮ್ಮಲ್ಲಿ ಮಳೆಗಾಲದಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ, ಇನ್ನು ಟ್ರೇ ಬಿಡುತ್ತದಾ? ಜೂನ್‌ನಿಂದ ಸೆಪ್ಟೆಂಬರ್ ತನಕ ನಾನು ಟ್ರೇಯನ್ನು ಮಷಿನ್ ಒಳಗೆ ಇಡುವುದೇ ಇಲ್ಲ. ಬಟ್ಟೆ ತೆಗೆದ ಮೇಲೆ ಟ್ರೇ ಎಳೆದು, ಕೊಡವಿ, ಅಡುಗೆಮನೆಯ ಒಲೆ ಪಕ್ಕದ ಕಟ್ಟೆ ಮೇಲೆ ಮಗುಚಿ ಇಡುತ್ತೇನೆ. ಬೆಳಗ್ಗೆ ಒಣಗಿರುತ್ತದೆ. ಬೇಸಿಗೆಯಲ್ಲಿ ಟ್ರೇ ನಾಲ್ಕು ಬೆರಳು ತೆರೆದು ಬಿಟ್ಟರೆ ಸಾಕು. ಎಷ್ಟು ಉಜ್ಜಿದರೂ ಒದ್ದೆಯಲ್ಲೇ ಮುಚ್ಚಿಟ್ಟರೆ ಬೂಷ್ಟು ಬರುವುದೇ.

ಸಾಫ್ಟ್‌ನರ್‌ಗೆ ಅಷ್ಟೇ ನೀರು ಬೆರೆಸಿ ತೆಳ್ಳಗೆ ಮಾಡಿ ಹಾಕಿ, ‘ಮ್ಯಾಕ್ಸ್’ ಗೆರೆ ದಾಟದ ಹಾಗೆ. ತಿಂಗಳಿಗೊಮ್ಮೆ ಬಟ್ಟೆ ಹಾಕದೆ ಬಿಸಿನೀರಿನಲ್ಲಿ ಖಾಲಿ ಓಡಿಸಿ, ಕನಿಷ್ಠ 60 ಡಿಗ್ರಿ. ಯಾವಾಗಲೂ ತಣ್ಣೀರಲ್ಲೇ ಒಗೆಯುವ ಮನೆಗಳಲ್ಲಿ ಒಳಗಿನ ಪೈಪ್‌ಗಳಲ್ಲೂ ಜಿಡ್ಡು ಕೂರುತ್ತದೆ, ಕೈಯಿಂದ ಅಲ್ಲಿಗೆ ತಲುಪಲು ಆಗೋದಿಲ್ಲ ಅಲ್ವಾ.

ಬೆಂಗಳೂರಿನಿಂದ, ಪ್ರಶ್ನೆ ಕೇಳಿದವರು:

ಎಲ್ಲರಿಗೂ ತುಂಬಾ ಧನ್ಯವಾದ. ನಿನ್ನೆ ಭಾನುವಾರ ಕೂತು ಮಾಡಿದೆ. ಪುಶ್ ಒತ್ತಿ ಎಳೆದೆ, ಟ್ರೇ ಬಂತು. ಕೋಲಾರದವರು ಕೇಳಿದ್ದಿರಿ, ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಕಾವೇರಿ ಜೊತೆ ಬೋರ್ ನೀರು ಬೆರೆಸಿ ಬಿಡುತ್ತಾರೆ. ಜಾಲರಿಯಲ್ಲಿ ಒಂದು ಚಮಚ ಮರಳು ಸಿಕ್ಕಿತು. ನೀಲಿ ಮುಚ್ಚಳದ ಒಳಗೂ ಊದುಬತ್ತಿ ಕಡ್ಡಿ ಆಡಿಸಿದೆ. ಇವತ್ತು ಬೆಳಗ್ಗೆ ಒಗೆದ ಮೇಲೆ ನೋಡಿದರೆ ಸಾಫ್ಟ್‌ನರ್ ಖಾನೆಯ ತಳ ಕಾಣುತ್ತಿದೆ, ಒಂದು ಚಮಚ ನೀರು ಬಿಟ್ಟರೆ ಏನೂ ಇಲ್ಲ. ಚಾವಣಿಯ ಬಲ ಮೂಲೆಯಲ್ಲಿ ಇನ್ನೂ ಸ್ವಲ್ಪ ಕಪ್ಪು ಉಳಿದಿದೆ, ಬ್ರಶ್ ಅಲ್ಲಿಗೆ ಮುಟ್ಟುತ್ತಿಲ್ಲ. ಮುಂದಿನ ವಾರ ಅದನ್ನೂ ತೆಗೆಯುತ್ತೇನೆ. ಟ್ರೇ ಈಗ ಬಾಲ್ಕನಿಯಲ್ಲಿ ಒಣಗುತ್ತಿದೆ.